ಭೋಜರಾಜರು ಅಗ್ನಿಪರ್ವತ ನೋಡಿ ಬಂದದ್ದು

ನಮ್ಮ ಕಂಪನಿಯ ಮೂವತ್ತೊಂದು ವರ್ಷಗಳ ಚರಿತ್ರೆಯಲ್ಲಿ ಊರಿಗೆ ಹೋಗುವ ಟಿಕೆಟನ್ನು ಯಾರೂ ಬೇಡ ಎಂದಿರಲಿಲ್ಲ. ಹೆಂಡತಿಯೊಡನೆ ಮಾತು ಬಿಟ್ಟವರೂ ತೆಗೆದುಕೊಂಡಿದ್ದಾರೆ. ಅಣ್ಣತಮ್ಮಂದಿರ ಮೇಲೆ ಕೇಸು ಹಾಕಿ, ಹೋದರೆ ಕಾಲು ಮುರಿಯುತ್ತಾರೆಂದು ಗೊತ್ತಿದ್ದವರೂ ತೆಗೆದುಕೊಂಡಿದ್ದಾರೆ. ವಿಮಾನ ಎಂದರೆ ಬೆವರುವ ಡ್ರೈವರ್ ಒಬ್ಬರು ಮಸ್ಕತ್ತಿನಿಂದ ಮಂಗಳೂರಿನವರೆಗೆ ಕಣ್ಣು ಮುಚ್ಚಿಕೊಂಡೇ ಹೋಗಿ, ಕಣ್ಣು ಮುಚ್ಚಿಕೊಂಡೇ ವಾಪಸ್ ಬಂದಿದ್ದಾರೆ. ಎರಡು ವರ್ಷಕ್ಕೊಮ್ಮೆ ಕಂಪನಿ ಕೊಡುವ ಆ ಟಿಕೆಟು ನಮ್ಮ ಪಾಲಿಗೆ ತೀರ್ಥವಿದ್ದಂತೆ. ಕೈಯೊಡ್ಡಿ ತೆಗೆದುಕೊಳ್ಳಬೇಕು, ರುಚಿ ಕೇಳಬಾರದು.

ಹೀಗಿರುವಾಗ ಜೂನ್ ತಿಂಗಳ ಮೊದಲ ವಾರದಲ್ಲಿ ನಮ್ಮ ಸ್ಟೋರ್ ಕೀಪರ್ ಭೋಜರಾಜರು ರಜೆಯ ಅರ್ಜಿಯಲ್ಲಿ ಟಿಕೆಟ್ ಬೇಕೆ ಎಂಬ ಸಾಲಿನ ಮುಂದೆ ‘ಬೇಡ’ ಎಂದು ಬರೆದು, ದಪ್ಪ ಅಕ್ಷರದಲ್ಲಿ ಸಹಿ ಹಾಕಿದರು.

ಅರ್ಜಿ ಎಚ್.ಆರ್. ವಿಭಾಗದ ಫಾಯಿಝಾ ಅವರ ಮೇಜಿಗೆ ಹೋಯಿತು. ಫಾಯಿಝಾ ಓಮಾನಿ ಹೆಣ್ಣುಮಗಳು. ನಮ್ಮಂಥವರ ಅರ್ಜಿಗಳನ್ನು ಓದಿ ಓದಿ ನಮಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಾರೆ. ಅವರು ಆ ಕಾಗದವನ್ನು ಎರಡು ಸಲ ಓದಿ, ನನ್ನನ್ನು ಕರೆದರು.

“ದೊರೆಭಾಯ್, ಭೋಜ್‌ಭಾಯ್ ಟಿಕೆಟ್ ನಹೀ ಚಾಹಿಯೇ ಬೋಲ್ತಾ ಹೈ. ತಬಿಯತ್ ಠೀಕ್ ಹೈ ಉಸ್ಕಾ?”

ನನ್ನನ್ನೇ ಏಕೆ ಕರೆದರು ಎಂದು ಹೇಳಬೇಕು. ನಾನು ದೊರೆಸ್ವಾಮಿ, ಮೈಸೂರಿನವನು, ಕಂಪನಿಯ ಡಾಕ್ಯುಮೆಂಟ್ ಕಂಟ್ರೋಲರ್. ಯಾವ ಕಾಗದ ಎಲ್ಲಿದೆ ಎಂದು ಹೇಳುವುದು ನನ್ನ ಉದ್ಯೋಗ. ಕಾಗದದಲ್ಲಿ ಬರೆಯದೆ ಬಿಟ್ಟದ್ದೇನು ಎಂದು ಹೇಳುವುದು ನನ್ನ ಹವ್ಯಾಸ. ಉದ್ಯೋಗಕ್ಕೆ ಸಂಬಳವಿದೆ, ಹವ್ಯಾಸಕ್ಕೆ ಕೀರ್ತಿಯಿದೆ ಎಂದು ಆ ದಿನದವರೆಗೆ ನಂಬಿದ್ದೆ. ಅದಲ್ಲದೆ ಭೋಜರಾಜರು ಮಸ್ಕತ್ತಿನ ಹಮ್ರಿಯಾದಲ್ಲಿ ನಮ್ಮ ಎದುರು ಮನೆಯವರು. ಮೂರನೇ ಮಹಡಿಯಲ್ಲಿ ಅವರ ಬಾಗಿಲು, ನಮ್ಮ ಬಾಗಿಲು, ನಡುವೆ ಕೆಟ್ಟು ನಿಂತ ಲಿಫ್ಟು.

“ನೋಡ್ತೀನಿ ಮೇಡಂ,” ಎಂದು ಗಂಭೀರವಾಗಿ ತಲೆಯಾಡಿಸಿ ಬಂದೆ. ಟಿಕೆಟ್ ಬೇಡ ಎಂದರೆ ವಾಪಸ್ ಬರುವ ಟಿಕೆಟೂ ಬೇಡ ಎಂದೇ ಅರ್ಥವಲ್ಲವೆ? ಕೆಲಸ ಮುಗಿದವನಿಗೆ ಕೊನೆಯ ಟಿಕೆಟು ಬೇರೆ ಲೆಕ್ಕದಲ್ಲಿ ಬರುತ್ತದೆ. ಭೋಜರಾಜರು ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟಿದ್ದಾರೆ! ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ನನಗೆ ಇದು ಖಚಿತವಾಗಿತ್ತು.

ಭೋಜರಾಜರು ಮುಲ್ಕಿ ಕಡೆಯವರು, ಐವತ್ತೇಳು ವರ್ಷ. ಓಮಾನಿಗೆ ಬಂದು ಇಪ್ಪತ್ತಾರು ವರ್ಷ ಆಗಿತ್ತು. ಒಂಬತ್ತು ವರ್ಷಗಳ ಹಿಂದಿನವರೆಗೆ ಹೆಂಡತಿ ವಾರಿಜಾಕ್ಷಿ, ಮಗಳು ದೀಕ್ಷಿತಾ, ಮಗ ಲಕ್ಷಿತ್ ಎಲ್ಲರೂ ಇಲ್ಲೇ ಇದ್ದರು. ಆಮೇಲೆ ಮಕ್ಕಳ ಓದು ಎಂದು ಸಂಸಾರ ಊರಿಗೆ ಹೋಯಿತು, ಇವರು ಉಳಿದರು. ಮಧ್ಯಾಹ್ನ ಅವರ ಊರ ಕಡೆಯವನೇ ಆದ ಶಹೀದನ ಹೋಟೆಲಿನಲ್ಲಿ ಊಟ, ರಾತ್ರಿ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ. ಟಿ.ವಿ.ಯನ್ನು ಜೋರಾಗಿ ಹಾಕುತ್ತಿದ್ದರು. ಒಮ್ಮೆ ನಾನು ಹೋಗಿ ಸದ್ದು ಸ್ವಲ್ಪ ಕಡಿಮೆ ಮಾಡಿ ಎಂದಾಗ ಅದರಲ್ಲಿ ಮಲಯಾಳಂ ಧಾರಾವಾಹಿ ಬರುತ್ತಿತ್ತು. “ನನಗೆ ಮಲಯಾಳ ಗೊತ್ತಿಲ್ಲ ಮಾರಾಯ್ರೆ. ಇದರಲ್ಲಿ ಮನೆ ತುಂಬ ಜನ ಉಂಟು, ಹಾಗೆ ಹಾಕಿದ್ದು,” ಎಂದಿದ್ದರು. ಅದು ತಮಾಷೆ ಎಂದುಕೊಂಡು ನಾನು ನಕ್ಕು ಬಂದಿದ್ದೆ.

ಆ ದಿನ ಸಂಜೆಯೇ ಎರಡನೇ ಸಾಕ್ಷ್ಯ ಮನೆ ಬಾಗಿಲಿಗೆ ಬಂತು. ಭೋಜರಾಜರು ಎರಡೂ ಕೈಯಲ್ಲಿ ಕರಿಬೇವಿನ ಕುಂಡ ತಬ್ಬಿಕೊಂಡು ನಿಂತಿದ್ದರು. ಈ ಮರಳುನಾಡಿನ ಬಿಸಿಲಿನಲ್ಲಿ ಎಂಟು ವರ್ಷ ಸಾಕಿದ ಗಿಡ ಅದು. ಒಂದು ಎಸಳು ಕೇಳಿದರೂ ಎಣಿಸಿ ಕೊಡುತ್ತಿದ್ದರು.

“ಕಾಂತಾಮಣಿಯಕ್ಕ, ಇದನ್ನೊಂದು ಸ್ವಲ್ಪ ನೋಡಿಕೊಳ್ತೀರಾ? ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು. ಎ.ಸಿ.ಯಿಂದ ಬೀಳುವ ನೀರು ಮಾತ್ರ ಹಾಕ್ಬೇಡಿ, ಅದಕ್ಕೆ ಆಗುದಿಲ್ಲ.”

ನನ್ನ ಹೆಂಡತಿ ಕಾಂತಾಮಣಿ ಕುಂಡವನ್ನು ನೋಡಿದಳು, ನನ್ನನ್ನು ನೋಡಿದಳು. ಗಲ್ಫಿನಲ್ಲಿ ಮನುಷ್ಯ ಗಿಡ ಹಂಚಿದನೆಂದರೆ ಮುಗಿಯಿತು. ಮೊದಲು ಗಿಡ, ಆಮೇಲೆ ಗ್ಯಾಸ್ ಸಿಲಿಂಡರು, ಕೊನೆಗೆ ಇಸ್ತ್ರಿಪೆಟ್ಟಿಗೆ. ಇದು ಇಲ್ಲಿ ಎಲ್ಲರಿಗೂ ಬಾಯಿಪಾಠ.

“ಎಲ್ಲಿಗೆ ಹೊರಟ್ರಿ ಅಣ್ಣಾ?” ಎಂದಳು, ಕುಂಡ ತೆಗೆದುಕೊಳ್ಳುತ್ತ.

“ಅಗ್ನಿಪರ್ವತ ನೋಡ್ಲಿಕ್ಕೆ.”

“ಏನು?”

“ಅಗ್ನಿಪರ್ವತ ಅಕ್ಕ. ಆರ್ಮೇನಿಯಾದಲ್ಲಿ ಉಂಟು. ಬೆಂಕಿ ಎಲ್ಲ ಯಾವತ್ತೋ ಆರಿ ಹೋಗಿದೆಯಂತೆ, ಈಗ ಮೇಲೆ ಒಂದು ಸರೋವರ ಉಂಟು. ರೂವಿಯ ಟ್ರಾವೆಲ್ಸಿನ ಸಾಗರ್ ಪ್ಯಾಕೇಜ್ ಮಾಡಿಕೊಟ್ಟ. ರೆಸಿಡೆಂಟ್ ಕಾರ್ಡ್ ಇದ್ರೆ ಸಾಕು, ವೀಸಾ ಬೇಡ. ಐದು ದಿವಸ.”

“ಯಾರ್ ಜೊತೆ?”

“ಒಬ್ಬನೇ.”

ನಾನು ಅವರ ಹೆಗಲ ಮೇಲೆ ಕೈಯಿಟ್ಟು, “ಹೋಗಿಬನ್ನಿ ಭೋಜರಾಜ್. ನಮಗೆಲ್ಲ ಅರ್ಥ ಆಗುತ್ತೆ,” ಎಂದೆ. ಅವರು ಸಂತೋಷದಿಂದ ತಲೆಯಾಡಿಸಿದರು.

ಇಲ್ಲಿಯ ಒಂದು ಸಂಪ್ರದಾಯವನ್ನು ತಿಳಿಯದವರಿಗೆ ಇದು ಅರ್ಥವಾಗುವುದಿಲ್ಲ. ಗಲ್ಫಿನಲ್ಲಿ ಕೆಲಸ ಹೋದವನು ಕೆಲಸ ಹೋಯಿತು ಎಂದು ಎಂದೂ ಹೇಳುವುದಿಲ್ಲ. ಒಬ್ಬ ಎಣ್ಣೆ ಮಿಲ್ಲು ಹಾಕುತ್ತೇನೆ ಎಂದು ಹೋದ. ಇನ್ನೊಬ್ಬ ಕೆನಡಾಕ್ಕೆ ಎಂದು ಹೇಳಿ ಹೋಗಿ ಕಾರ್ಕಳದಲ್ಲಿ ಇಳಿದ. ಮಗಳ ಮದುವೆ ಎಂದು ಹೋದ ಮತ್ತೊಬ್ಬನಿಗೆ ಇದ್ದವರಿಬ್ಬರೂ ಗಂಡುಮಕ್ಕಳು. ನಾವು ಯಾರೂ ಎದುರಾಡಲಿಲ್ಲ, ಮದುವೆಗೆ ಉಡುಗೊರೆಯನ್ನೂ ಕೊಟ್ಟು ಕಳಿಸಿದೆವು. ಹೇಳಿದ್ದನ್ನು ನಂಬಿದಂತೆ ನಟಿಸುವುದೇ ನಮ್ಮ ಮರ್ಯಾದೆ. ಈದ್ ರಜೆಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಜಾರ್ಜಿಯಾ, ಆರ್ಮೇನಿಯಾಕ್ಕೆ ಹೋಗುವವರಿದ್ದಾರೆ, ನಾವೂ ಹೋಗಿದ್ದೇವೆ. ಆದರೆ ಹೆಂಡತಿ ಮುಲ್ಕಿಯಲ್ಲಿರುವಾಗ, ವರ್ಷದ ರಜೆಯಲ್ಲಿ, ಸ್ಟೋರ್ ಕೀಪರೊಬ್ಬ ಒಬ್ಬನೇ ಅಗ್ನಿಪರ್ವತ ನೋಡಲು ಹೋಗುವುದೆ? ಇಷ್ಟು ಮೇಲ್ದರ್ಜೆಯ ಸುಳ್ಳನ್ನು ನಾನು ನನ್ನ ಹತ್ತೊಂಬತ್ತು ವರ್ಷಗಳ ಗಲ್ಫ್ ವಾಸದಲ್ಲಿ ಕೇಳಿರಲಿಲ್ಲ. ಪಾಪ, ಎಷ್ಟು ನೊಂದಿರಬೇಕು ಎನಿಸಿತು.

ಮಾರನೆಯ ದಿನ ಅವರು ಮತ್ತೆ ಬಂದರು. ಹೊರಗೆ ನಲವತ್ತಾರು ಡಿಗ್ರಿ. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಹಪ್ಪಳದಂತೆ ಮುರಿಯುವ ಬಿಸಿಲು.

“ದೊರೆಸ್ವಾಮಿಯವ್ರೆ, ನಿಮ್ಮತ್ರ ಸ್ವೆಟರ್ ಉಂಟಾ? ದಪ್ಪದ್ದು.”

ನಾನು ಬೀರುವಿನಿಂದ ಸ್ವೆಟರ್ ತೆಗೆದುಕೊಟ್ಟೆ. ಅವರು ಹೋದ ಮೇಲೆ ಕಾಂತಾಮಣಿ ಸೋಫಾದ ಮೇಲೆ ಕುಸಿದು ಕುಳಿತಳು.

“ರೀ, ಇದು ಬರೀ ಕೆಲಸ ಹೋದದ್ದಲ್ಲ ಕಣ್ರೀ. ಈ ಸೆಕೇಲಿ ಚಳಿ ಆಗ್ತಿದೆ ಅಂದ್ರೆ ಒಳಗೆ ಏನೋ ಇದೆ. ವಿಕ್ಟೋರಿಯಾನ ಕರೀರಿ.”

ವಿಕ್ಟೋರಿಯಾ ಮೊದಲ ಮಹಡಿಯವಳು, ಶಿರ್ವದವಳು, ಆಸ್ಪತ್ರೆಯಲ್ಲಿ ನರ್ಸು. ಅವಳು ಬಿ.ಪಿ. ನೋಡುವ ಯಂತ್ರ ಹಿಡಿದು, ಸುಮ್ಮನೆ ಬಂದವಳಂತೆ ಭೋಜರಾಜರ ಮನೆಗೆ ಹೋಗಿ ಬಂದಳು. “ಭೋಜಣ್ಣನಿಗೆ ಎಂತದೂ ಇಲ್ಲ. ನೂರಿಪ್ಪತ್ತೆಂಬತ್ತು. ನಿಮಗಿಂತ ಒಳ್ಳೆದುಂಟು,” ಎಂದಳು. ನಾವು ಮುಖ ಮುಖ ನೋಡಿಕೊಂಡೆವು. ಅನುಭವಸ್ಥ ನರ್ಸುಗಳು ರೋಗಿಯ ಗುಟ್ಟನ್ನು ಹೇಗೆ ಕಾಪಾಡುತ್ತಾರೆ ಎಂದು ನನಗೆ ಹೆಮ್ಮೆಯಾಯಿತು.

ಕಾಂತಾಮಣಿ ಮುಲ್ಕಿಗೆ ಫೋನ್ ಮಾಡಿದಳು. ಅವಳಿಗೂ ವಾರಿಜಾಕ್ಷಿಗೂ ಹಳೆಯ ಸ್ನೇಹ. “ಏನೂ ಯೋಚನೆ ಮಾಡ್ಬೇಡಿ ವಾರಿಜಾ. ಬಂದ್ಮೇಲೆ ಎಲ್ಲಾ ಸರಿಹೋಗುತ್ತೆ. ಇನ್ಮೇಲೆ ಜೊತೇಲೇ ಇರ್ತಾರಲ್ಲ, ಅದಕ್ಕಿಂತ ಇನ್ನೇನು ಬೇಕು? ... ಅಯ್ಯೋ, ನಿಮಗೆ ಹೇಳಿಲ್ವಾ? ಹಾಗಾದ್ರೆ ನಾನು ಹೇಳ್ದೆ ಅಂತ ಹೇಳ್ಬೇಡಿ. ಅವರೇ ಹೇಳ್ಲಿ.” ಫೋನ್ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಸಂಸಾರವನ್ನು ಉಳಿಸಿದ ತೃಪ್ತಿ ಅವಳ ಮುಖದಲ್ಲಿತ್ತು.

ಮುಂದಿನ ಕೆಲಸ ನನ್ನದು. ಗುರುವಾರ ಸಂಜೆ ನಮ್ಮ ಹಾಲಿನಲ್ಲಿ ಬೀಳ್ಕೊಡುಗೆ ಏರ್ಪಡಿಸಿದೆ. ನನ್ನ ಬಳಿ ಮೈಸೂರು ಪೇಟ ಸದಾ ಸಿದ್ಧವಿರುತ್ತದೆ, ಮಸ್ಕತ್ತಿನ ಎಷ್ಟೋ ತಲೆಗಳನ್ನು ಅದು ಕಂಡಿದೆ. ಶಾಲು, ಹಣ್ಣಿನ ಬುಟ್ಟಿ, ಹಡಗಿನ ಚಿತ್ರವಿರುವ ಸ್ಮರಣಿಕೆ ತರಿಸಿದೆ. ಶಹೀದ್ ತನ್ನ ಹೋಟೆಲಿನಿಂದ ಎರಡು ಡಬ್ಬಿ ಗೋಳಿಬಜೆ ಕಳಿಸಿದ. ಕಟ್ಟಡದ ಮೂವತ್ತು ಜನ ಸೇರಿದರು. ಆರು ವರ್ಷ ಒಂದೇ ಮೆಟ್ಟಿಲು ಹತ್ತಿದರೂ ಭೋಜರಾಜರ ಹೆಸರು ತಿಳಿಯದಿದ್ದವರು ಕೂಡ ಬಂದು ಹೆಸರು ತಿಳಿದುಕೊಂಡರು.

ಪೇಟ ತೊಡಿಸುವಾಗ ಭೋಜರಾಜರು ನನ್ನ ಕಿವಿಯಲ್ಲಿ, “ಐದು ದಿವಸಕ್ಕೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ?” ಎಂದರು.

ನಾನು ಮೈಕಿನಲ್ಲಿ ಅದನ್ನೇ ಎತ್ತಿಕೊಂಡೆ. “ಭೋಜರಾಜರು ಈಗ ಒಂದು ದೊಡ್ಡ ಮಾತು ಹೇಳಿದರು. ಐದು ದಿವಸಕ್ಕೆ ಇಷ್ಟೆಲ್ಲ ಯಾಕೆ ಅಂದರು. ಹೌದು! ನಮ್ಮೆಲ್ಲರದೂ ಇಲ್ಲಿ ಐದು ದಿವಸದ ಬಾಳೇ ಅಲ್ಲವೆ?” ಸಭೆ ನಿಟ್ಟುಸಿರು ಬಿಟ್ಟಿತು. ನಾನು ಇಪ್ಪತ್ತೆರಡು ನಿಮಿಷ ಮಾತಾಡಿದೆ. ಸ್ಟೋರಿನಲ್ಲಿ ಒಂದು ಬೋಲ್ಟು ಕೂಡ ಅವರ ಕಣ್ಣು ತಪ್ಪಿಸಿ ಹೋಗಿಲ್ಲ ಎಂದೆ. ಅವರಿಲ್ಲದ ಮೂರನೇ ಮಹಡಿಯನ್ನು ಕಲ್ಪಿಸಿಕೊಳ್ಳಲಾರೆ ಎಂದೆ. ಎರಡನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ನಿಜವೂ ಆಗಿರಬಹುದೆಂದು ನನಗೇ ಅನಿಸಿ, ಮೈಕನ್ನು ಇನ್ನೊಂದು ಕೈಗೆ ಬದಲಿಸಿದೆ. ವಿಕ್ಟೋರಿಯಾ ಅತ್ತಳು. ಶಹೀದ್ ಬಂದು, “ಭೋಜಣ್ಣ, ನೀವು ಕೂತುಕೊಳ್ತಿದ್ದ ಮೂಲೆ ಟೇಬಲ್ ಇನ್ನು ಖಾಲಿ,” ಎಂದು ಮುಖ ತಿರುಗಿಸಿಕೊಂಡ.

ಭೋಜರಾಜರು ಪೇಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತರು.

“ನನಗೆ ಮಾತಾಡ್ಲಿಕ್ಕೆ ಬರುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಎಷ್ಟೋ ಸಲ ಹೋಗಿದ್ದೇನೆ, ಬಂದಿದ್ದೇನೆ. ಯಾರೂ ಕೇಳಿದ್ದಿಲ್ಲ. ಈ ಸಲ ನೀವೆಲ್ಲ... ನಾನು ಒಂದು ಗುಡ್ಡೆ ನೋಡ್ಲಿಕ್ಕೆ ಹೋಗುದು ಅಷ್ಟೆ. ಬಂದು ಎಲ್ಲರಿಗೂ ಫೋಟೋ ತೋರಿಸ್ತೇನೆ.”

ಕಡೆಯ ಮಾತಿಗೆ ಹಾಲಿನಲ್ಲಿ ಕಣ್ಣೊರೆಸಿಕೊಳ್ಳದವರು ಇರಲಿಲ್ಲ.

ಮರುದಿನ ಮಧ್ಯಾಹ್ನ ನಾಲ್ಕು ಕಾರುಗಳಲ್ಲಿ ನಾವು ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆವು. ಅವರ ಕೈಯಲ್ಲಿದ್ದದ್ದು ಒಂದೇ ಚಿಕ್ಕ ಪೆಟ್ಟಿಗೆ. ಇಪ್ಪತ್ತಾರು ವರ್ಷ ದುಡಿದವನ ಸಾಮಾನು ಇಷ್ಟೇ ನೋಡಿ ಎಂದು ನಾನು ಜನರಿಗೆ ತೋರಿಸಿದೆ. ಅವರು ಹೋಗಿ ನಿಂತ ಕೌಂಟರಿನ ಮೇಲೆ ಆರ್ಮೇನಿಯಾದ ರಾಜಧಾನಿ ಯೆರೆವಾನಿನ ಹೆಸರು ಬರೆದಿತ್ತು. ಶಹೀದ್ ಅನುಮಾನದಿಂದ ನನ್ನನ್ನು ನೋಡಿದ. “ಮಂಗಳೂರಿಗೆ ನೇರ ವಿಮಾನ ಸಿಕ್ಕಿಲ್ಲ. ಸುತ್ತಿಹಾಕಿಕೊಂಡು ಹೋಗ್ತಾರೆ,” ಎಂದು ವಿವರಿಸಿದೆ. ಆರ್ಮೇನಿಯಾ ಸುತ್ತಿ ಮಂಗಳೂರಿಗೆ ಹೋಗುವುದೆಂದರೆ ಮೈಸೂರಿನಿಂದ ನಂಜನಗೂಡಿಗೆ ಬೀದರ್ ಮೇಲೆ ಹೋದಂತೆ. ಆದರೆ ನನ್ನ ಮಾತನ್ನು ಅಲ್ಲಿ ಯಾರೂ ಪ್ರಶ್ನಿಸಲಿಲ್ಲ.

ಬುಧವಾರ ಸಂಜೆ ನಮ್ಮ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆಗೆದ ಕಾಂತಾಮಣಿ ಕಿರುಚಿದಳು. ಹೊರಗೆ ನನ್ನ ಸ್ವೆಟರನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಭೋಜರಾಜರು ನಿಂತಿದ್ದರು.

“ನಾನು ಬಂದೆ,” ಎಂದರು. ತಪ್ಪು ಮಾಡಿದವರ ದನಿಯಿತ್ತು ಅದರಲ್ಲಿ.

ಅವರನ್ನು ಒಳಗೆ ಕೂರಿಸಿ, ಕಾಫಿ ಕೊಟ್ಟು, ನಡೆದದ್ದನ್ನೆಲ್ಲ ಕೇಳಿದೆವು. ಅಗ್ನಿಪರ್ವತ ನಿಜ. ಸರೋವರ ನಿಜ. ಪ್ಯಾಕೇಜು ನಿಜ. ಈ ಕಥೆಯಲ್ಲಿ ನಿಜವಲ್ಲದ್ದೆಂದರೆ ನನ್ನ ಬುದ್ಧಿವಂತಿಕೆ ಮಾತ್ರ.

ಜೂನ್ ಮುಗಿಯುವುದರೊಳಗೆ ತೆಗೆದುಕೊಳ್ಳದಿದ್ದರೆ ಅವರ ರಜೆ ಸತ್ತುಹೋಗುತ್ತಿತ್ತಂತೆ. ಊರಿಗೆ ಬರುತ್ತೇನೆ ಎಂದರೆ ವಾರಿಜಾಕ್ಷಿ, “ಈ ತಿಂಗಳು ಬರ್ಬೇಡಿ, ಮನೆಯಲ್ಲಿ ಟೈಲ್ಸ್ ಕೆಲಸ ಆಗ್ತಾ ಉಂಟು, ನಿಮಗೆ ಮಲಗ್ಲಿಕ್ಕೆ ಜಾಗ ಇಲ್ಲ,” ಎಂದರಂತೆ. ಅದನ್ನು ಹೇಳುವಾಗ ಭೋಜರಾಜರು ನಕ್ಕರು. “ನಾನು ಕಟ್ಟಿದ ಮನೆ ಅಲ್ವಾ ಅದು. ಎಲ್ಲಿಯಾದ್ರೂ ಹೋಗ್ಬೇಕು ಅಂತ ಕಂಡಿತು. ಸಾಗರನ ಆಫೀಸಿನ ಗೋಡೆಯಲ್ಲಿ ಆ ಗುಡ್ಡೆಯ ಫೋಟೋ ಇತ್ತು. ಅದರಲ್ಲಿ ಜನ ಯಾರೂ ಇರಲಿಲ್ಲ. ಅಲ್ಲಿಗೇ ಹೋಗುದು ಅಂತ ಮಾಡಿದೆ.”

ಆದರೆ ಅಲ್ಲಿ ಜನವೋ ಜನ. ಗಲ್ಫಿನಿಂದ ಹೋದ ಇಪ್ಪತ್ತೆರಡು ಮಂದಿಯ ಬಸ್ಸು. ಎಲ್ಲರೂ ಜೋಡಿ, ಸಂಸಾರ. ಇವರೊಬ್ಬರೇ ಒಂಟಿ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಎಲ್ಲರ ಜಾಕೆಟ್ಟುಗಳನ್ನು ಪೇರಿಸಿದ್ದರಂತೆ. ಮೂರು ಸಾವಿರ ಮೀಟರಿಗೂ ಮೇಲೆ ಬಸ್ಸು ನಿಂತಿತು. ಸುತ್ತ ಸುಟ್ಟು ಕರಕಲಾದ ಕಲ್ಲು, ಸಂದುಗಳಲ್ಲಿ ಹಿಮ, ನಡುವೆ ತಣ್ಣಗಿನ ಸರೋವರ. ಇಳಿದ ಕೂಡಲೇ ಒಬ್ಬ, “ಅಂಕಲ್, ಒಂದು ಫೋಟೋ,” ಎಂದು ಮೊಬೈಲ್ ಕೊಟ್ಟ. ಅವನದು ಮುಗಿಯಿತು, ಇನ್ನೊಬ್ಬ ಕೊಟ್ಟ. ಹನಿಮೂನಿಗೆ ಬಂದ ಜೋಡಿಯೊಂದು ಕಲ್ಲಿನ ಮೇಲೆ, ಕಲ್ಲಿನ ಕೆಳಗೆ, ಹಿಮ ಎರಚಿಕೊಂಡು, ಹೀಗೆ ಹದಿನಾಲ್ಕು ಫೋಟೋ ತೆಗೆಸಿಕೊಂಡಿತು. ಅರ್ಧ ಗಂಟೆ ಭೋಜರಾಜರು ಅಗ್ನಿಪರ್ವತಕ್ಕೆ ಬೆನ್ನು ಹಾಕಿ ನಿಂತು ಜನರನ್ನೇ ನೋಡಿದರು. ಅವರ ಮೊಬೈಲಿನಲ್ಲಿದ್ದ ಒಂಬತ್ತು ಫೋಟೋಗಳನ್ನು ನಮಗೆ ತೋರಿಸಿದರು. ಒಂದರಲ್ಲಿಯೂ ಅವರಿರಲಿಲ್ಲ. ಒಂದರಲ್ಲಿ ಮಾತ್ರ ಹಿಮದ ಮೇಲೆ ಅವರ ನೆರಳು ಬಿದ್ದಿತ್ತು.

“ಸ್ಮರಣಿಕೆ ಓದಲಿಲ್ವಾ ನೀವು?” ಎಂದು ನಾನು ಕೇಳಿದೆ. ಅದರಲ್ಲಿ ‘ಇಪ್ಪತ್ತಾರು ವರ್ಷಗಳ ಓಮಾನ್ ವಾಸ ಮುಗಿಸಿ ತಾಯ್ನಾಡಿಗೆ ಮರಳುತ್ತಿರುವ’ ಎಂದು ನಾನೇ ಬರೆಸಿದ್ದೆ.

“ಅಲ್ಲಿಯ ಹೋಟೆಲಿನಲ್ಲಿ ಕಾಗದ ಬಿಚ್ಚಿ ಓದಿದೆ. ಆಗ ಗೊತ್ತಾಯ್ತು. ಫೋನ್ ಮಾಡಿ ಹೇಳುವ ಅಂತ ನಂಬ್ರ ತೆಗೆದೆ ದೊರೆಸ್ವಾಮಿಯವ್ರೆ. ಮತ್ತೆ ಬೇಡ ಅಂತ ಕಂಡಿತು. ಅಷ್ಟು ಜನ ನನಗೋಸ್ಕರ ಅತ್ತಿದ್ದರಲ್ಲ. ನಾಲ್ಕು ದಿವಸ ಆದ್ರೂ ಹಾಗೇ ಇರ್ಲಿ ಅಂತ.”

ಕಾಂತಾಮಣಿ ಅಡುಗೆಮನೆಗೆ ಎದ್ದುಹೋದಳು.

ಆ ಸರೋವರದ ದಡದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಎಲ್ಲರೂ ಸೂಪು ಕುಡಿಯಲು ಹೋದಾಗ ಇವರು ಒಂದು ಕಲ್ಲಿನ ಮೇಲೆ ಕೂತಿದ್ದರು. ಆಗ ವಾರಿಜಾಕ್ಷಿಯ ಫೋನ್ ಬಂತು. ನಾಲ್ಕೈದು ದಿನ ತಡೆದುಕೊಂಡಿದ್ದವರು ಇನ್ನು ತಡೆಯಲಾರದೆ ಕೇಳಿದ್ದರು.

“ನೀವು ಎಲ್ಲ ಮುಗಿಸಿ ಬರ್ತಾ ಇದ್ದೀರಂತಲ್ಲ? ನನಗೊಂದು ಹೇಳ್ಬಾರ್ದಾ? ನಾನು ಟೈಲ್ಸಿನವರಿಗೆ ಹೇಳಿ ನಿಮ್ಮ ರೂಮು ಮೊದಲು ಮಾಡಿಸಿದೆ. ಹೊಸ ಮಂಚ ಬಂತು ನಿನ್ನೆ. ಯಾವಾಗ ಬರುದು?”

ಭೋಜರಾಜರು ಕಲ್ಲಿನಿಂದ ಎದ್ದು ನಿಂತರು. ಹಾಗೇನಿಲ್ಲ, ಯಾರೋ ತಪ್ಪು ಹೇಳಿದ್ದಾರೆ, ನಾನೀಗ ಒಂದು ಅಗ್ನಿಪರ್ವತದ ಮೇಲಿದ್ದೇನೆ ಎಂದರು. ಆ ಕಡೆಯಿಂದ ವಾರಿಜಾಕ್ಷಿ ಕೇಳಿದರು.

“ಯಾರೊಟ್ಟಿಗೆ ಹೋದದ್ದು?”

“ಒಬ್ಬನೇ.”

“ಚಳಿ ಉಂಟಾ ಅಲ್ಲಿ?”

“ಉಂಟು.”

“ನನ್ನನ್ನು ಕರೀಬಹುದಿತ್ತಲ್ಲ,” ಎಂದರು ವಾರಿಜಾಕ್ಷಿ.

ಇದನ್ನು ಹೇಳಿ ಭೋಜರಾಜರು ನಮ್ಮ ಟೀಪಾಯಿಯ ಮೇಲಿನ ಬಿಸ್ಕತ್ತಿನ ತಟ್ಟೆಯನ್ನು ಸುಮ್ಮನೆ ಒಮ್ಮೆ ಆಚೆ, ಒಮ್ಮೆ ಈಚೆ ಸರಿಸಿದರು. “ನನಗೆ ಆ ಯೋಚನೆಯೇ ಬರ್ಲಿಲ್ಲ ನೋಡಿ. ಒಂಬತ್ತು ವರ್ಷದಲ್ಲಿ ಅವಳನ್ನು ಕರೀಬಹುದು ಅಂತ ಒಂದು ಸಲವೂ ಬರ್ಲಿಲ್ಲ. ಅವಳಿಗೆ ಬೇಡ ಅಂತ ನಾನು ಅಂದ್ಕೊಂಡದ್ದು. ನನಗೆ ಬೇಡ ಅಂತ ಅವಳು ಅಂದ್ಕೊಂಡದ್ದು.”

ನಾನು ಅವರಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ. ಆದರೆ ಸತ್ಯ ಹೇಳಬೇಕಾದರೆ, ಆ ರಾತ್ರಿ ನನ್ನ ನಿದ್ದೆಗೆಡಿಸಿದ್ದು ಭೋಜರಾಜರ ಸಂಕಟವಲ್ಲ, ನನ್ನ ಮಾನ. ಬೆಳಗಾದರೆ ಕಟ್ಟಡಕ್ಕೆಲ್ಲ ಏನು ಹೇಳುವುದು?

ಹೇಳುವ ಅಗತ್ಯವೇ ಬೀಳಲಿಲ್ಲ. ಬೆಳಿಗ್ಗೆ ಏಳಕ್ಕೆ ಅವರು ಮೆಟ್ಟಿಲಿಳಿದು ಕೆಲಸಕ್ಕೆ ಹೊರಟಾಗ ಎದುರಾದವರೆಲ್ಲ ಗೋಡೆಗೆ ಒರಗಿ ದಾರಿ ಬಿಟ್ಟರಂತೆ. ತಿಥಿ ಊಟ ಮಾಡಿ ಕೈತೊಳೆಯುವಾಗ ಸತ್ತವನೇ ಚೊಂಬು ಹಿಡಿದು ನೀರು ಹಾಕಿದರೆ ಹೇಗಾಗಬೇಡ? ಮೊದಲು ಗಾಬರಿ, ಆಮೇಲೆ ನಗು, ಕೊನೆಗೆ ಎಲ್ಲರಿಗೂ ಕೋಪ ಬಂತು. ಅತ್ತವರಿಗೆ ತಮ್ಮ ಕಣ್ಣೀರು ದಂಡವಾಯಿತೆಂಬ ಕೋಪ. ಎರಡನೇ ಮಹಡಿಯವರೊಬ್ಬರು ಶಾಲು ವಾಪಸ್ ಕೊಡುವುದು ಮರ್ಯಾದೆ ಎಂದು ಲಿಫ್ಟಿನ ಬಳಿ ಜೋರಾಗಿ ಹೇಳಿದರು. ಶಹೀದ್ ಮೂಲೆ ಟೇಬಲ್ಲನ್ನು ಆಗಲೇ ಬೇರೊಬ್ಬರಿಗೆ ಕೊಟ್ಟಾಗಿತ್ತು. “ಎರಡು ಡಬ್ಬಿ ಗೋಳಿಬಜೆ ಕಳಿಸಿದೆ ಭೋಜಣ್ಣ, ಒಂದು ಮಾತು ಹೇಳ್ಬಹುದಿತ್ತು,” ಎಂದು ಅವರನ್ನು ಬಾಗಿಲ ಪಕ್ಕದಲ್ಲಿ ಕೂರಿಸಿದ.

“ಹೇಳಿದ್ದೆನಲ್ಲ ಮಾರಾಯ, ಅಗ್ನಿಪರ್ವತ ಅಂತ,” ಎಂದರು ಭೋಜರಾಜರು.

“ಅದನ್ನು ಯಾರು ನಂಬ್ತಾರೆ ಅಣ್ಣ!”

ವಿಕ್ಟೋರಿಯಾ ಮಾತ್ರ, “ನಾನು ಅವತ್ತೇ ಹೇಳ್ಲಿಲ್ವಾ, ನೂರಿಪ್ಪತ್ತೆಂಬತ್ತು,” ಎಂದು ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ಇನ್ನು ನನ್ನ ವಿಷಯ. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ನಾನು ಏನೇ ಬರೆದರೂ, ನಾಳೆ ನೀರು ಬರುವುದಿಲ್ಲ ಎಂದರೂ, ಕೆಳಗೆ ಹೊಗೆಯುಗುಳುವ ಬೆಟ್ಟದ ಚಿತ್ರ ಬೀಳತೊಡಗಿತು. ನನಗೆ ಭೋಜರಾಜರ ಮೇಲೆ ಸಿಟ್ಟು ಬಂತು. ಅವರದೇನೂ ತಪ್ಪಿಲ್ಲ ಎಂದು 
ಗೊತ್ತಿದ್ದುದರಿಂದ ಆ ಸಿಟ್ಟು ಇನ್ನೂ ಹೆಚ್ಚಾಯಿತು. ಎದುರು ಬದುರು ಬಾಗಿಲಿದ್ದೂ ಎರಡು ತಿಂಗಳು ನಮ್ಮ ನಡುವೆ ‘ನಮಸ್ಕಾರ’ ಬಿಟ್ಟರೆ ಬೇರೆ ಮಾತಿರಲಿಲ್ಲ. ಟಿ.ವಿ. ಸದ್ದು ಮೊದಲಿಗಿಂತ ಜೋರಾಯಿತು. ನಾನು ಹೋಗಿ ಕೇಳಲಿಲ್ಲ.

ಜುಲೈಯಲ್ಲಿ ಅವರು ರಾಜೀನಾಮೆ ಕೊಟ್ಟರು. ಈ ಸಲ ಟಿಕೆಟ್ ಬೇಕೆ ಎಂಬಲ್ಲಿ ‘ಬೇಕು, ಮಂಗಳೂರು, ಒಂದು ಕಡೆಯದು’ ಎಂದು ಬರೆದಿದ್ದರು. ಆ ಕಾಗದ ನನ್ನ ಮೇಜಿನ ಮೇಲೆಯೇ ಹಾದುಹೋಯಿತು. ನಾನೇ ಅದಕ್ಕೆ ನಂಬರು ಹಾಕಿದೆ.

ಆಗಸ್ಟ್ ಕೊನೆಯ ಸೋಮವಾರ ಮಧ್ಯಾಹ್ನ ಅವರ ವಿಮಾನ. ಗುಂಪಿನಲ್ಲಿ ನಾನು ಬರೆದೆ, ‘ಭೋಜರಾಜರು ಈ ಬಾರಿ ನಿಜವಾಗಿಯೂ ಹೋಗುತ್ತಿದ್ದಾರೆ.’ ಕೆಳಗೆ ಹನ್ನೊಂದು ಬೆಟ್ಟಗಳು ಹೊಗೆಯುಗುಳಿದವು. ಒಬ್ಬರು, ‘ಈ ಸಲ ಯಾವ ದೇಶದ ಪರ್ವತ ಸ್ವಾಮಿ?’ ಎಂದು ಕೇಳಿದರು. ಮತ್ತೊಬ್ಬರು, ‘ಒಬ್ಬರಿಗೆ ಒಂದೇ ಬೀಳ್ಕೊಡುಗೆ, ಅದು ಆಗಿದೆ,’ ಎಂದು ಕಾನೂನು ಹೇಳಿದರು. ನಾನು ಮುಂದೆ ಬರೆಯಲಿಲ್ಲ. ಕಾಂತಾಮಣಿ ಬೇಸಿಗೆ ರಜೆಗೆ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿದ್ದಳು. ಅವಳಿದ್ದಿದ್ದರೆ ನನ್ನನ್ನು ಎಳೆದುಕೊಂಡಾದರೂ ಹೋಗುತ್ತಿದ್ದಳು.

ಹಿಂದಿನ ದಿನ ಭೋಜರಾಜರು ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ.

“ನಾಳೆ ಹೋಗುದು ದೊರೆಸ್ವಾಮಿಯವ್ರೆ.”

“ಗೊತ್ತು ಕಣ್ರೀ. ನಾನೇ ಬಿಡಬೇಕು ಅಂತಿದ್ದೆ. ಒಂದು ಮೀಟಿಂಗ್ ಬಂದುಬಿಟ್ಟಿದೆ.”

“ಪರವಾಗಿಲ್ಲ, ಟ್ಯಾಕ್ಸಿ ಉಂಟಲ್ಲ. ನೀವು ಒಮ್ಮೆ ಬಂದಿದ್ದೀರಿ. ನಾಲ್ಕು ಕಾರು! ಅಷ್ಟು ಸಾಕು,” ಎಂದು ಕೈಮುಗಿದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಸೋಮವಾರ ಯಾವ ಮೀಟಿಂಗೂ ಇರಲಿಲ್ಲ. ನಾನು ಆಫೀಸಿನಲ್ಲಿ ಕೂತು ಹಳೆಯ ಫೈಲುಗಳ ಲೇಬಲ್ ಕಿತ್ತು, ಹೊಸ ಲೇಬಲ್ ಅಂಟಿಸಿದೆ. ಎರಡು ಗಂಟೆಗೆ ಫಾಯಿಝಾ ಬಾಗಿಲಲ್ಲಿ ಇಣುಕಿ, “ದೊರೆಭಾಯ್, ಭೋಜ್‌ಭಾಯ್ ಗಯಾ? ತುಮ್ ನಹೀ ಗಯೇ ಏರ್‌ಪೋರ್ಟ್?” ಎಂದರು. ನಾನು ಲೇಬಲ್ ತೋರಿಸಿದೆ. ಅವರು ಬಾಗಿಲು ಎಳೆದುಕೊಂಡು ಹೋದರು.

ಐದು ದಿನಗಳ ನಂತರ, ಒಬ್ಬನೇ ಮೊಸರನ್ನ ಉಣ್ಣುತ್ತಿರುವಾಗ ಮುಲ್ಕಿಯಿಂದ ಫೋನ್ ಬಂತು. ವಾರಿಜಾಕ್ಷಿ.

“ದೊರೆಸ್ವಾಮಿಯಣ್ಣ, ಊಟ ಆಯ್ತಾ? ಕಾಂತಾಮಣಿಯಕ್ಕ ಇಲ್ಲ ಅಂತ ಗೊತ್ತುಂಟು, ನಿಮ್ಮತ್ರವೇ ಮಾತಾಡುವ ಅಂತ ಮಾಡಿದೆ. ಉಪಕಾರ ಹೇಳ್ಬೇಕಿತ್ತು.”

“ಯಾತಕ್ಕಮ್ಮಾ?”

“ಇವರು ಎಲ್ಲ ಹೇಳಿದ್ರು. ಏರ್‌ಪೋರ್ಟಿಗೆ ನೀವೆಲ್ಲ ಬಂದಿದ್ದಿರಂತೆ. ಕಟ್ಟಡಕ್ಕೆ ಕಟ್ಟಡವೇ ಬಂದಿತ್ತಂತೆ. ಒಳಗೆ ಹೋಗ್ಲಿಕ್ಕೇ ಬಿಡ್ಲಿಲ್ಲ ಅಂತ ಹೇಳಿದ್ರು. ಒಂಬತ್ತು ವರ್ಷ ಅಲ್ಲಿ ಒಬ್ಬರೇ ಹೇಗಿರ್ತಾರೋ ಅಂತ ನನಗೆ ಯಾವಾಗಲೂ ಅದೇ ಆಗ್ತಿತ್ತು ಅಣ್ಣ. ಇಷ್ಟು ಜನ ಇದ್ರಲ್ಲ ಅಂತ ಈಗ ಮನಸ್ಸಿಗೆ ಸಮಾಧಾನ ಆಯ್ತು.”

ನಾನು ಊಟದ ತಟ್ಟೆಯನ್ನು ಪಕ್ಕಕ್ಕಿಟ್ಟೆ. “ಹೌದಮ್ಮಾ, ಎಲ್ಲರೂ ಬಂದಿದ್ವಿ,” ಎಂದೆ. “ಕಾಲಿಡೋಕೆ ಜಾಗ ಇರ್ಲಿಲ್ಲ.”

“ಮತ್ತೊಂದು ಹೇಳಿದ್ರು. ಎಲ್ಲರಿಗಿಂತ ಹೆಚ್ಚು ನೀವೇ ಅತ್ತದ್ದಂತೆ. ಹೌದಾ ಅಣ್ಣ?”

ನಾನು ಹೌದು ಎಂದೆ. ಅಷ್ಟು ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.